ಅಕ್ಕನ ಕೋಳಿ ಫೀಡಿನ ಸುತ್ತ ಒಂದು ಉಂಗುರ

ಬೀದಿಯ ಜನ ಅವರನ್ನು ಉಂಗುರದ ಸಾಹೇಬರು ಎಂದೇ ಕರೆಯುತ್ತಿದ್ದರು. ಹಾಗೆಂದು ಅವರ ಬೆರಳುಗಳಲ್ಲಿ ಚಿನ್ನದ್ದಾಗಲಿ ಹಿತ್ತಾಳೆಯದ್ದಾಗಲಿ ಉಂಗುರವೇನೂ ಇರಲಿಲ್ಲ. ಈ ಕಥೆ ನಡೆದ ಹೊತ್ತಿಗೆ ಬಲಗೈ ತೋರುಬೆರಳಿನಲ್ಲಿ ಒಂದು ಉಗುರುಸುತ್ತು ಇತ್ತು, ಅಷ್ಟೇ. ಆ ಹೆಸರು ಅವರಿಗೆ ಬಂದದ್ದು ಉದ್ಯೋಗದಿಂದ. ಅವರು ಪಶು ಆಹಾರ ಪರೀಕ್ಷಾಲಯದಲ್ಲಿ ಸಹಾಯಕರು. ದನ, ಹಂದಿ, ಕೋಳಿಗಳ ಫೀಡಿಗೆ ಕಾರ್ಖಾನೆಯವರು ಆ್ಯಂಟಿಬಯಾಟಿಕ್ ಔಷಧಿ ಬೆರೆಸುತ್ತಾರಲ್ಲ, ಅದು ಚೀಲದ ಮೇಲೆ ಬರೆದಷ್ಟೇ ಇದೆಯೇ, ಜಾಸ್ತಿ ಸುರಿದಿದ್ದಾರೆಯೇ, ಇರಲೇಬಾರದ ಫೀಡಿನಲ್ಲೂ ನುಸುಳಿದೆಯೇ ಎಂದು ಪತ್ತೆ ಹಚ್ಚುವುದು ಅಲ್ಲಿನ ಕೆಲಸ.

ಪತ್ತೆ ಹಚ್ಚುವ ರೀತಿಯನ್ನು ಸಾಹೇಬರು ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಿದ್ದರು, ಆದ್ದರಿಂದ ನೀವೂ ಕೇಳಿಸಿಕೊಳ್ಳಬೇಕು. ಗಾಜಿನ ಚಪ್ಪಟೆ ತಟ್ಟೆಯಲ್ಲಿ ಅಗರ್ ಎಂಬ ಲೋಳೆಯನ್ನು ಹೊಯ್ದು, ಅದರೊಳಗೆ ಬಡಪಾಯಿ ಬ್ಯಾಕ್ಟೀರಿಯಾಗಳನ್ನು ಬಿತ್ತುವುದು. ಅದು ಗಟ್ಟಿಯಾದ ಮೇಲೆ ಪುಟ್ಟ ಸ್ಟೀಲಿನ ಕೊಳವೆಗಳನ್ನು ನಿಲ್ಲಿಸಿ, ಅವುಗಳಲ್ಲಿ ಫೀಡಿನಿಂದ ಇಳಿಸಿದ ರಸ ತುಂಬಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋಗುವುದು. ಬೆಳಗಾಗುವಷ್ಟರಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು ತಟ್ಟೆಯೆಲ್ಲ ಮಬ್ಬಾಗಿರುತ್ತದೆ. ರಸದಲ್ಲಿ ಔಷಧಿ ಇದ್ದರೆ ಮಾತ್ರ ಕೊಳವೆಯ ಸುತ್ತ ಅವು ಬೆಳೆಯುವುದಿಲ್ಲ, ಅಲ್ಲೊಂದು ತಿಳಿಯಾದ ಉಂಗುರ ಕಾಣುತ್ತದೆ. ಉಂಗುರ ದೊಡ್ಡದಾದಷ್ಟೂ ಔಷಧಿ ಹೆಚ್ಚು. ಆ ಉಂಗುರದ ಅಗಲವನ್ನು ಕ್ಯಾಲಿಪರಿನಿಂದ ಅಳೆಯುವುದೇ ಸಾಹೇಬರ ಪಾಲಿನ ಪರಮ ಸುಖ. ಮನೆಯಲ್ಲಿ ಹೆಂಡತಿ ಬಿಸ್ಕತ್ತು ಕೊಟ್ಟರೂ ತಿನ್ನುವ ಮುಂಚೆ ಅದರ ಅಗಲ ಎಷ್ಟೆಂದು ಹೇಳುತ್ತಿದ್ದರು. ಅವಳು ಕೇಳುತ್ತಿರಲಿಲ್ಲ.

ಪರೀಕ್ಷಾಲಯದಲ್ಲಿ ಅವರನ್ನು ಯಾರೂ ಸಾಹೇಬರು ಎನ್ನುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಅಲ್ಲಿ ಮೇಡಂ ಒಬ್ಬರು ಇದ್ದರು, ಅವರ ಮುಂದೆ ನಮ್ಮ ಸಾಹೇಬರು ಬೆಕ್ಕಿನ ಮುಂದಿನ ಇಲಿ. ಕಳೆದುಹೋದ ಆ ಸಾಹೇಬತನವನ್ನೆಲ್ಲ ಸಂಜೆ ಹೊತ್ತು ಬೀದಿ ತುದಿಯ ಚಹಾ ಅಂಗಡಿಯ ಬೆಂಚಿನ ಮೇಲೆ ಬಡ್ಡಿ ಸಮೇತ ವಸೂಲಿ ಮಾಡಿಕೊಳ್ಳುತ್ತಿದ್ದರು.

ಆ ಬೆಂಚಿನ ಮೇಲೇ ಎಡವಟ್ಟು ಶುರುವಾದದ್ದು. ನಿವೃತ್ತ ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟು, "ಅಲ್ಲ ಕಣಯ್ಯಾ, ಕಣ್ಣಿಗೆ ಕಾಣದೇ ಇರೋ ಕ್ರಿಮಿ ಸಾಯೋದನ್ನ ನೀನು ಅಳೀತೀನಿ ಅಂತೀಯ. ಸತ್ತಿದ್ದು ನಿನಗೆ ಹೇಗೆ ಗೊತ್ತಾಯ್ತು? ಹೆಣ ಎಲ್ಲಿ?" ಎಂದರು.

"ಹೆಣ ಇರಲ್ಲ ಮೇಷ್ಟ್ರೇ, ಉಂಗುರ ಇರುತ್ತೆ."

"ಹೆಣ ಇಲ್ಲದೆ ಕೊಲೆ ಕೇಸು ನಿಲ್ಲಲ್ಲಪ್ಪ."

ಪಕ್ಕದಲ್ಲಿದ್ದ ಟೈಲರು ಕೊರಳಲ್ಲಿದ್ದ ಟೇಪನ್ನು ಎತ್ತಿ ತೋರಿಸಿದ. "ಅಳತೆ ಅಂದ್ರೆ ಇದು ನೋಡಿ. ಸೊಂಟ ಕಣ್ಣಿಗೆ ಕಾಣುತ್ತೆ, ಟೇಪು ಕಣ್ಣಿಗೆ ಕಾಣುತ್ತೆ. ನಿಮ್ದು ಏನಿದ್ರೂ ಬಾಯಲ್ಲೇ ಬಟ್ಟೆ ಹೊಲಿಯೋ ಕೆಲಸ."

ಬೆಂಚು ನಕ್ಕಿತು. ಚಹಾದವನೂ ನಕ್ಕ. ಸಾಹೇಬರಿಗೆ ಕಿವಿ ಕೆಂಪಾಯಿತು. "ಹಾಗಾದ್ರೆ ಯಾವುದಾದ್ರೂ ಒಂದು ಫೀಡು ಕೊಡಿ. ನಾಳಿದ್ದು ಸಂಜೆ ಇದೇ ಬೆಂಚಿನ ಮೇಲೆ ನಿಂತು ಅದರ ಜಾತಕ ಹೇಳ್ತೀನಿ" ಎಂದು ಎದ್ದು ನಿಂತರು.

"ನಿಮ್ಮಕ್ಕಂದೇ ಇದೆಯಲ್ಲ" ಎಂದ ಟೈಲರು.

ಅಕ್ಕನ ವಿಷಯ ಈಗ ಹೇಳಲೇಬೇಕು. ಕೆಳಗಿನ ಮನೆಯಲ್ಲಿ ಅಕ್ಕ ಮತ್ತು ಭಾವ, ಮೇಲಿನ ಮನೆಯಲ್ಲಿ ಸಾಹೇಬರು ಮತ್ತು ಹೆಂಡತಿ. ತಾಯಿ ಬೇಗ ತೀರಿಕೊಂಡದ್ದರಿಂದ ಸಾಹೇಬರನ್ನು ಎತ್ತಿ ಆಡಿಸಿ, ಮೂಗು ಒರೆಸಿ, ಮಗ್ಗಿ ಬಾಯಿಪಾಠ ಮಾಡಿಸಿ, ಬೇಕಾದಾಗ ಬೆನ್ನಿಗೆರಡು ಬಿಟ್ಟು ಮನುಷ್ಯರನ್ನಾಗಿ ಮಾಡಿದವಳು ಈ ಅಕ್ಕನೇ. ಹಿತ್ತಲಲ್ಲಿ ಕೋಳಿ ಸಾಕಿದ್ದಳು. ಜೋಳ, ತೌಡು, ಹಿಂಡಿ, ಚಿಪ್ಪಿನ ಪುಡಿ ಎಲ್ಲವನ್ನೂ ತಾನೇ ಅಳೆದು ಬೆರೆಸುತ್ತಿದ್ದಳು. ಇಡೀ ಬೀದಿ ಅವಳಲ್ಲೇ ಮೊಟ್ಟೆ ಕೊಳ್ಳುತ್ತಿತ್ತು. "ನನ್ನ ಕೋಳಿಗಳು ಔಷಧಿ ಮುಖ ಕಂಡಿಲ್ಲ" ಎಂಬುದು ಅವಳ ಹೆಮ್ಮೆ, ಮತ್ತು ಆ ಹೆಮ್ಮೆ ಬಿಟ್ಟರೆ ಅವಳಿಗೆ ಬೇರೆ ಒಡವೆಯ ಹುಚ್ಚಿರಲಿಲ್ಲ.

ವಿಷಯ ಕೇಳಿ ಅಕ್ಕ ಖುಷಿಯಾಗಿಬಿಟ್ಟಳು. "ಮಾಡೋ! ನನ್ನ ತಮ್ಮ ಕಲಿತ ವಿದ್ಯೆ ನನ್ನ ಕೋಳಿಗಳಿಗಲ್ಲದೆ ಇನ್ಯಾರಿಗೆ? ನಿನ್ನ ಬಾಯಲ್ಲೇ ಎಲ್ರಿಗೂ ಕೇಳಿಸ್ಲಿ" ಎಂದಳು.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಸ್ಯಾಂಪಲ್ ತೆಗೆಯುವ ಸಮಾರಂಭ. ಅದಕ್ಕೆ ಮುಂಚೆ ಹೆಂಡತಿ ಸಾಹೇಬರ ಉಗುರುಸುತ್ತಿಗೆ ಮುಲಾಮನ್ನು ಬ್ರೆಡ್ಡಿಗೆ ಬೆಣ್ಣೆ ಸವರಿದಂತೆ ಧಾರಾಳವಾಗಿ ಸವರಿ, ಬಟ್ಟೆಯ ಪಟ್ಟಿ ಸುತ್ತಿ ಕಳಿಸಿದ್ದಳು. ಮೇಷ್ಟ್ರು, ಟೈಲರು, ಅಕ್ಕಪಕ್ಕದವರು ಗೋಡೆಗೊರಗಿ ನಿಂತರು. ಸಾಹೇಬರು ತೋಳು ಮಡಚಿ, ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ಮೇಲಿನಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ, ತಳದಿಂದ ಒಂದು ಹಿಡಿ ತೆಗೆದು ರಾಶಿ ಹಾಕಿದರು. ಇದಕ್ಕೆಂದೇ ಉದ್ದನೆಯ ಸ್ಟೀಲಿನ ಸೌಟೊಂದಿದೆ. ಅದು ಆಫೀಸಿನಲ್ಲಿತ್ತು.

ರಾಶಿಯನ್ನು ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಕೋಳಿಗಳಿಗೆ ಚೆಲ್ಲಿ, ಉಳಿದದ್ದನ್ನು ಮತ್ತೆ ಕಲಸಿ ಮತ್ತೆ ನಾಲ್ಕು ಪಾಲು ಮಾಡಿದರು.

"ಆಸ್ತಿ ಪಾಲು ಆಗ್ತಿದೆ" ಎಂದು ಮೇಷ್ಟ್ರು ಪಿಸುಗುಟ್ಟಿದರು.

"ಇದು ಶಾಸ್ತ್ರೋಕ್ತ ವಿಧಾನ" ಎಂದರು ಸಾಹೇಬರು, ಬೆವರು ಒರೆಸಿಕೊಳ್ಳುತ್ತ. ಕೊನೆಗೆ ಒಂದು ಬೊಗಸೆಯಷ್ಟು ಉಳಿದದ್ದನ್ನು ಕವರಿಗೆ ತುಂಬಿ ಗಂಟು ಹಾಕಿದರು. ಅಕ್ಕ ಹೆಮ್ಮೆಯಿಂದ ಎಲ್ಲರ ಮುಖ ನೋಡಿದಳು.

ಮೇಲೆ ಹೋದ ಕೂಡಲೇ ಹೆಂಡತಿ ಕೇಳಿದಳು: "ರೀ, ಬೆರಳಿನ ಪಟ್ಟಿ ಎಲ್ಲಿ?"

"ಎಲ್ಲೋ ಬಿದ್ದಿರ್ಬೇಕು."

"ಎಲ್ಲೋ ಅಂದ್ರೆ?"

"ಪ್ರಪಂಚದಲ್ಲಿ ಕಣೆ! ವಿಜ್ಞಾನದ ಕೆಲಸಕ್ಕೆ ಹೊರಟಿರೋವಾಗ ಪಟ್ಟಿ ಗಿಟ್ಟಿ ಅಂತ ತಲೆ ತಿನ್ಬೇಡ" ಎಂದು ಸಾಹೇಬರು ಕವರು ಹಿಡಿದು ಹೊರಟೇಬಿಟ್ಟರು.

ಪರೀಕ್ಷಾಲಯದಲ್ಲಿ ಆವತ್ತು ಮೇಡಂ ಮೀಟಿಂಗಿಗೆ ಹೋಗಿದ್ದರು. ಇದು ಆಫೀಸಿನ ಕೆಲಸವಲ್ಲ, ಮನೆ ಕೆಲಸ, ಆದ್ದರಿಂದ ಸಾಹೇಬರು ಒಂದು ಮೂಲೆ ಹಿಡಿದು ಚಕಚಕನೆ ಮುಗಿಸಿದರು. ಕವರಿನಲ್ಲಿದ್ದದ್ದನ್ನು ಪುಡಿ ಮಾಡಿ ಜರಡಿ ಹಿಡಿಯಬೇಕಿತ್ತು. ಹಾಗೇ ಇಡಿಯಾಗಿ ಫ್ಲಾಸ್ಕಿಗೆ ಸುರಿದು, ದ್ರಾವಣ ಹೊಯ್ದು ಕುಲುಕಿದರು. ಉದ್ದನೆಯದೊಂದು ಏನೋ ಒಳಗೆ ತೇಲಿತು. ಜೋಳದ ಸಿಪ್ಪೆ ಇರಬೇಕೆಂದುಕೊಂಡರು. ಪಕ್ಕದಲ್ಲಿ ಗೊತ್ತಿರುವ ಪ್ರಮಾಣದ ಔಷಧಿಯನ್ನಿಟ್ಟು ಹೋಲಿಸಬೇಕಿತ್ತು, ಔಷಧಿ ಇಲ್ಲವೆಂದು ಖಾತರಿಯಿರುವ ಫೀಡನ್ನೂ ಜೊತೆಗಿಡಬೇಕಿತ್ತು. ಅದೆಲ್ಲ ಸಂಬಳದ ಕೆಲಸಕ್ಕೆ ಎಂದು ಬಿಟ್ಟರು. ಒಂದೇ ತಟ್ಟೆ, ಒಂದೇ ಕೊಳವೆ, ಪೆಟ್ಟಿಗೆಯ ಬಾಗಿಲು ಮುಚ್ಚಿ ಮನೆಗೆ ಬಂದರು.

ಬೆಳಿಗ್ಗೆ ಪೆಟ್ಟಿಗೆ ತೆರೆದರೆ, ಅಬ್ಬಾ! ಅಂಥ ಉಂಗುರವನ್ನು ಸಾಹೇಬರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಗುಂಡಗೆ, ತಿಳಿಯಾಗಿ, ತಟ್ಟೆಯ ಅಂಚು ಮುಟ್ಟುವ ಹಾಗೆ ಹರಡಿಕೊಂಡಿತ್ತು. ಸಾಹೇಬರ ಎದೆ ಉಬ್ಬಿತು. ಕ್ಯಾಲಿಪರು ಹಿಡಿದು ಅಳೆದರು, ತೃಪ್ತಿಯಾಗದೆ ಮತ್ತೊಮ್ಮೆ ಅಳೆದರು. ಅದು ಅಕ್ಕನ ಫೀಡು ಎಂಬುದು ಅವರಿಗೆ ನೆನಪಾದದ್ದು ಆಮೇಲೆ.

ಸಂಜೆ ಅಕ್ಕನನ್ನು ಒಳಗೆ ಕರೆದು ಮೆತ್ತಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದರು. ಆದರೆ ಬೆಂಚಿನ ಸುತ್ತ ಆಗಲೇ ಜನ. ಅಕ್ಕ ಒಳ್ಳೆಯ ಬಟ್ಟೆ ಉಟ್ಟು, ಭಾವನನ್ನೂ ಎಳೆದುಕೊಂಡು ಬಂದು ಮುಂದೆಯೇ ನಿಂತಿದ್ದಳು.

"ಏನಪ್ಪಾ, ಏನೂ ಕಾಣ್ಲಿಲ್ಲ ತಾನೆ? ನನಗೆ ಮೊದಲೇ ಗೊತ್ತಿತ್ತು" ಎಂದರು ಮೇಷ್ಟ್ರು.

ಅಷ್ಟು ಸಾಕಾಯಿತು. "ಕಾಣ್ಲಿಲ್ವಾ? ಇಷ್ಟು ದೊಡ್ಡದು ಮೇಷ್ಟ್ರೇ, ಇಷ್ಟು!" ಎಂದು ಸಾಹೇಬರು ಎರಡೂ ಕೈ ಚಾಚಿದರು. ಆ ಅಳತೆಗೆ ಊಟದ ಮೇಜೇ ಬೇಕಾಗುತ್ತಿತ್ತು. "ಇಂಥ ಔಷಧಿ ಯಾವ ಕಾರ್ಖಾನೆ ಫೀಡಲ್ಲೂ ನಾನು ನೋಡಿಲ್ಲ!"

ಚಹಾ ಉಕ್ಕಿ ಒಲೆ ಮೇಲೆ ಚೆಲ್ಲಿದರೂ ಚಹಾದವನು ನೋಡಲಿಲ್ಲ.

"ಏನೋ ಅಂದೆ?" ಎಂದಳು ಅಕ್ಕ.

"ಅಕ್ಕಾ, ಅದು... ನಾನಲ್ಲ... ವಿಜ್ಞಾನ ಹೇಳುತ್ತೆ..."

"ಯಾರೋ ಅವನು ವಿಜ್ಞಾನ? ನಿನ್ನನ್ನ ಸಾಕಿದ್ದು ಅವನಾ ನಾನಾ?"

ಅಕ್ಕ ಸರ್ರನೆ ತಿರುಗಿ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಸರಕ್ಕೆ ಭಾವ ಹೊರಗೇ ಉಳಿದರು.

ಅವತ್ತಿನಿಂದ ಅಕ್ಕ ತಮ್ಮನ ಜೊತೆ ಮಾತು ಬಿಟ್ಟಳು. ಬಿಟ್ಟಳು ಎಂದರೆ ಪೂರ್ತಿ ಬಿಡಲಿಲ್ಲ, ಭಾವನ ಮೂಲಕ ಕಳಿಸತೊಡಗಿದಳು. ಭಾವನೋ, ಉಪ್ಪು ಬೇಕಾದರೂ ಬೆರಳು ತೋರಿಸುವ ಮನುಷ್ಯ. ಮರುದಿನ ಸಾಹೇಬರು ಕೆಳಗಿಳಿದು ಬಾಗಿಲಲ್ಲಿ ನಿಂತರೆ, ಅಕ್ಕ ಅವರ ಮುಖವನ್ನೇ ನೋಡುತ್ತ ಗಂಡನಿಗೆ ಹೇಳಿದಳು: "ರೀ, ಬಂದಿರೋ ಆಫೀಸರಿಗೆ ಹೇಳಿ. ಇದು ಔಷಧಿ ಸುರಿದಿರೋ ಮನೆ. ಬರಿಗಾಲಲ್ಲಿ ಬಂದ್ರೆ ಅವರ ಅಂಗಾಲಿನ ಕ್ರಿಮಿ ಎಲ್ಲ ಸತ್ತು ಹೋದಾವು, ಆಮೇಲೆ ಅಳೆಯೋಕೆ ಏನೂ ಉಳಿಯಲ್ಲ."

ಭಾವ ಪೇಪರಿನಿಂದ ತಲೆಯೆತ್ತಿ, "ಚಪ್ಪಲಿ ಹಾಕ್ಕೊಂಡೇ ಬಾರಪ್ಪ" ಎಂದರು.

"ಭಾವ, ನಾನು ಬೇಕಂತ ಮಾಡ್ಲಿಲ್ಲ ಅಂತ ಅಕ್ಕಂಗೆ ಹೇಳಿ."

ಭಾವ ಕೈಯಳತೆಯಲ್ಲಿ ಕೂತಿದ್ದ ಹೆಂಡತಿಯತ್ತ ತಿರುಗಿ, "ಬೇಕಂತ ಮಾಡ್ಲಿಲ್ವಂತೆ" ಎಂದರು.

"ಕೇಳಿಸ್ತು ಅಂತ ಹೇಳಿ. ಕೇಳಿಸ್ಲಿಲ್ಲ ಅಂತಾನೂ ಹೇಳಿ."

ಭಾವ ಎರಡರಲ್ಲಿ ಯಾವುದನ್ನು ಮೊದಲು ಹೇಳಬೇಕೆಂದು ತಿಳಿಯದೆ ಪೇಪರಿಗೆ ಮರಳಿದರು. ಸಾಹೇಬರು ಮೇಲೆ ಹೋಗಿ ಹೆಂಡತಿಯ ಮುಂದೆ ನಿಜಕ್ಕೂ ಅತ್ತುಬಿಟ್ಟರು. ಅಕ್ಕ ಬೈದರೆ ಅವರಿಗೆ ಅಭ್ಯಾಸವಿತ್ತು, ಹೊಡೆದರೂ ಅಭ್ಯಾಸವಿತ್ತು. ಅಕ್ಕ ಅವರನ್ನು 'ಅವರು' ಎಂದದ್ದು ಮಾತ್ರ ಹುಟ್ಟಿದ ಮೇಲೆ ಇದೇ ಮೊದಲು. "ಅಳಿ, ಚೆನ್ನಾಗಿ ಅಳಿ. ತಾಯಿ ಥರ ಸಾಕಿದವಳನ್ನ ಚಹಾ ಅಂಗಡಿ ಮುಂದೆ ನಿಲ್ಲಿಸಿ ಮರ್ಯಾದೆ ಕಳೆದ್ರಲ್ಲ" ಎಂದು ಹೆಂಡತಿ ಸಮಾಧಾನ ಮಾಡಿದಳು.

ಇನ್ನು ಅಕ್ಕನ ಮೊಟ್ಟೆಯನ್ನು ಯಾರೂ ಮುಟ್ಟುವುದಿಲ್ಲ ಎಂದು ಸಾಹೇಬರು ಹೆದರಿದ್ದರು. ಆದದ್ದೇ ಬೇರೆ. ಬೆಳಿಗ್ಗೆ ಹಲ್ಲುಜ್ಜುತ್ತ ಕಿಟಕಿಯಿಂದ ಬಗ್ಗಿ ನೋಡಿದರೆ ಅಕ್ಕನ ಗೇಟಿನಿಂದ ಬೀದಿ ತುದಿಯವರೆಗೆ ಸಾಲು. ಎಲ್ಲರಿಗಿಂತ ಮುಂದೆ ಟೈಲರು, ಕೊರಳಿಗೆ ಟೇಪಿನ ಬದಲು ಮಫ್ಲರು ಸುತ್ತಿಕೊಂಡು.

"ಅಕ್ಕೋರೇ, ಗಂಟಲು ಕೆರೀತಿದೆ. ಒಂದು ಮೊಟ್ಟೆ ಕೊಡಿ, ಸ್ವಲ್ಪ ಸ್ಟ್ರಾಂಗ್ ಇರೋದು."

"ಹಾಗಂದ್ರೇನೋ?"

"ನಿಮ್ಮ ತಮ್ಮ ಎಲ್ಲರ ಮುಂದೆ ಹೇಳಿದ್ರಲ್ಲ. ಡಾಕ್ಟ್ರ ಹತ್ರ ಹೋದ್ರೆ ಅರ್ಧ ದಿನ ಕಾಯಿಸಿ ಚೀಟಿ ಬರೀತಾರೆ. ಇಲ್ಲಿ ಆಮ್ಲೆಟ್ ಮಾಡ್ಕೊಂಡ್ರೆ ಮುಗೀತು."

ಅಕ್ಕನ ಮುಖ ನೋಡುವ ಹಾಗಿರಲಿಲ್ಲ. "ನನ್ನ ಮೊಟ್ಟೇಲಿ ಏನೂ ಇಲ್ಲ! ಬರೀ ಮೊಟ್ಟೆ ಇದೆ!" ಎಂದು ಬೀದಿಗೆ ಕೇಳುವಂತೆ ಕೂಗಿದಳು.

ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು. "ಎಷ್ಟು ವಿನಯ ನೋಡಿ. ನಿಜವಾದ ಕೈಗುಣ ಇರೋರು ಹೀಗೇ" ಎಂದರೊಬ್ಬರು. ಮೇಷ್ಟ್ರು ಸಾಲಿನ ಪಕ್ಕದಲ್ಲಿ ಕೋಲೂರಿ ನಿಂತು ಡೋಸು ಹೇಳತೊಡಗಿದ್ದರು. ಮಕ್ಕಳಿಗೆ ಅರ್ಧ ಮೊಟ್ಟೆ, ದೊಡ್ಡವರಿಗೆ ಒಂದು, ಊಟವಾದ ಮೇಲೆ. ಹಳದಿ ಭಾಗ ಉಷ್ಣ, ಬಿಳಿ ಭಾಗ ಶೀತ. ಮಧ್ಯದಲ್ಲಿ ನಿಲ್ಲಿಸಬಾರದು, ಕೋರ್ಸು ಮುಗಿಸಲೇಬೇಕು. ಹೆಣ ಕಾಣದೆ ಕೊಲೆ ನಂಬದಿದ್ದ ಮೇಷ್ಟ್ರು ಇವರೇ!

ಟೈಲರು ಒಂದು ಮೊಟ್ಟೆ ಗಿಟ್ಟಿಸಿಕೊಂಡು ಹೋದ ಮೇಲೆ ಅಕ್ಕ ಗೇಟಿಗೆ ಚಿಲಕ ಹಾಕಿ ಮೊಟ್ಟೆ ಮಾರುವುದನ್ನೇ ನಿಲ್ಲಿಸಿದಳು. ನಿಲ್ಲಿಸಿದಷ್ಟೂ ಬೇಡಿಕೆ ಏರಿತು. ಪಕ್ಕದ ಬೀದಿಯಿಂದ ಮಂಡಿನೋವಿನವರು ಬಂದರು. ಕೂದಲು ಉದುರುವವನೊಬ್ಬ ಬಂದು ಹೊರಗೆ ಹಚ್ಚುವುದೋ ಒಳಗೆ ತಿನ್ನುವುದೋ ಎಂದು ಕೇಳಿದ. ಅಡುಗೆಮನೆಯಲ್ಲಿ ಮೊಟ್ಟೆಗಳು ಬುಟ್ಟಿ ಬುಟ್ಟಿ ತುಂಬಿ ಕೂತವು. "ಮೊಟ್ಟೆ ಅಂತ ಮೊಟ್ಟೆ ತಿನ್ನೋರು ಒಬ್ರೂ ಉಳೀಲಿಲ್ವಲ್ಲ" ಎಂದು ಅಕ್ಕ ಭಾವನ ಎದುರು ಕಣ್ಣೀರು ಹಾಕಿದಳು. ಆ ಮಾತು ಮೆಟ್ಟಿಲ ಮೇಲೆ ಕೂತಿದ್ದ ಸಾಹೇಬರಿಗೂ ಕೇಳಿಸಿತು, ಮತ್ತು ಅವರಿಗೆ ಊಟ ಸೇರಲಿಲ್ಲ.

ಈ ನಡುವೆ ಬೀದಿ ಮೂಲೆಯ ಡಾಕ್ಟರು ತಮ್ಮ ಕ್ಲಿನಿಕ್ಕಿನಲ್ಲಿ ಕೂತು ನೊಣ ಹೊಡೆದರು. ಕಾದು ಕಾದು ಹೊರಗೆ ಬಂದು ನೋಡಿದರೆ ಅವರ ಸ್ವಂತ ಕಾಂಪೌಂಡರನೇ ಕೆನ್ನೆ ಹಿಡಿದುಕೊಂಡು ಮೊಟ್ಟೆಯ ಸಾಲಿನಲ್ಲಿ ನಿಂತಿದ್ದ. ಡಾಕ್ಟರಿಗೆ ಉರಿದುಹೋಯಿತು. ನೇರ ಮೆಟ್ಟಿಲು ಹತ್ತಿ ಸಾಹೇಬರನ್ನು ಹಿಡಿದರು.

"ಏನ್ರೀ ಇದು? ನಾನೇನು ಬೋರ್ಡು ಕಿತ್ತಾಕಿ ಕೋಳಿ ಸಾಕಲಾ? ಯಾವ ಔಷಧಿ ಅದು, ಹೆಸರು ಹೇಳಿ!"

"ಹೆಸರು ಗೊತ್ತಿಲ್ಲ ಡಾಕ್ಟ್ರೇ. ಉಂಗುರ ಮಾತ್ರ ದೊಡ್ಡದು."

"ಎಷ್ಟಿದೆ?"

"ಅದೂ ಗೊತ್ತಿಲ್ಲ. ಹೋಲಿಸೋಕೆ ಪಕ್ಕದಲ್ಲಿ ಏನೂ ಇಟ್ಟಿರ್ಲಿಲ್ಲ."

ಡಾಕ್ಟರು ಅವರನ್ನು ಒಂದು ಗಳಿಗೆ ದಿಟ್ಟಿಸಿ, "ನಾಳೆ ನಿಮ್ಮ ಮೇಡಂನೇ ಹೋಗಿ ನೋಡ್ತೀನಿ" ಎಂದು ಇಳಿದು ಹೋದರು.

ಮೇಡಂ ಕೂಗಾಡುವವರಲ್ಲ. ಅದೇ ಭಯಂಕರ. ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿ ಅವರನ್ನು ಕಳಿಸಿದ ಮೇಲೆ ಸಾಹೇಬರನ್ನು ಕರೆದು ತಣ್ಣನೆ ದನಿಯಲ್ಲಿ ಕೇಳಿದರು: "ಹೋಲಿಸೋಕೆ ಸ್ಟ್ಯಾಂಡರ್ಡ್ ಇಟ್ಟಿದ್ರಾ?"

"ಇಲ್ಲ ಮೇಡಂ."

"ಔಷಧಿ ಇಲ್ಲದ ಫೀಡು?"

"ಇಲ್ಲ ಮೇಡಂ."

"ಎರಡನೇ ತಟ್ಟೆ?"

"ಮನೆ ಕೆಲಸ ಅಂತ..."

"ಮನೆ ಕೆಲಸ ಅಂದ್ರೆ ಬ್ಯಾಕ್ಟೀರಿಯಾಗೆ ಗೊತ್ತಾಗುತ್ತಾ? ರಸ ಇಳಿಸಿದ ಫ್ಲಾಸ್ಕು ಎಲ್ಲಿ?"

ಪಾತ್ರೆ ತೊಳೆಯುವವಳು ರಜೆಯಲ್ಲಿದ್ದಳು, ದೇವರು ದೊಡ್ಡವನು. ಫ್ಲಾಸ್ಕು ಮೂಲೆಯ ತೊಟ್ಟಿಯಲ್ಲಿ ಹಾಗೇ ಕೂತಿತ್ತು, ನಾರುತ್ತ. ಮೇಡಂ ಮೂಗು ಮುಚ್ಚಿಕೊಂಡು ಅದನ್ನು ಬೆಳಕಿಗೆ ಹಿಡಿದು, ಚಿಮುಟ ಇಳಿಸಿ, ಒಳಗಿನಿಂದ ಒಂದು ಉದ್ದನೆಯ ವಸ್ತುವನ್ನು ಮೆಲ್ಲಗೆ ಎಳೆದರು. ತೊಟ್ಟಿಕ್ಕುತ್ತ ಅದು ಗಾಳಿಯಲ್ಲಿ ತೂಗಾಡಿತು.

"ಇದೇನ್ರೀ? ನಿಮ್ಮಕ್ಕ ಕೋಳಿಗೆ ಬ್ಯಾಂಡೇಜು ತಿನ್ನಿಸ್ತಾರಾ?"

ಸಾಹೇಬರು ನೋಡಿದರು. ಆ ನೀಲಿ ಗೆರೆಯ ಬಟ್ಟೆ ಅವರದೇ ಹಳೆಯ ಅಂಗಿಯದು. ಹೆಂಡತಿ ಹರಿದು ಪಟ್ಟಿ ಮಾಡಿದ್ದು, ಆ್ಯಂಟಿಬಯಾಟಿಕ್ ಮುಲಾಮು ಬಳಿದು ಸುತ್ತಿದ್ದು. ಪ್ರಪಂಚದಲ್ಲಿ ಬಿದ್ದಿದ್ದ ಪಟ್ಟಿ ಅಕ್ಕನ ಫೀಡಿನಲ್ಲಿ ಬಿದ್ದಿತ್ತು!

ಇಂಥ ಹೊತ್ತಿನಲ್ಲಿ ಯಾವನಾದರೂ ನಾಚಿಕೆಯಿಂದ ತಲೆ ತಗ್ಗಿಸಬೇಕು. ನಮ್ಮ ಸಾಹೇಬರು ಕೈ ತಟ್ಟಿ ಕುಣಿದರು. "ನಮ್ಮಕ್ಕ ಹಾಕಿಲ್ಲ ಮೇಡಂ! ನಮ್ಮಕ್ಕಂದೇನೂ ತಪ್ಪಿಲ್ಲ! ಕತ್ತೆ ನಾನು! ಉಂಗುರ ನಂದೇ!" ಎಂದು ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದರು. ಮೇಡಂ ಬೈಯಲು ಬಾಯಿ ತೆರೆದವರು ನಗು ತಡೆಯಲಾಗದೆ ಕಿಟಕಿ ಕಡೆ ತಿರುಗಿ ನಿಂತರು.

ಬೀದಿ ಮಾತ್ರ ನಂಬಲಿಲ್ಲ. "ಅಕ್ಕನ ಸಿಟ್ಟಿಗೆ ಹೆದರಿ ಈಗ ಬ್ಯಾಂಡೇಜಿನ ಕಥೆ ಕಟ್ತಿದಾನೆ. ನನ್ನ ಗಂಟಲು ವಾಸಿ ಆಗಿದ್ದು ಸುಳ್ಳಾ?" ಎಂದ ಟೈಲರು. ಅಕ್ಕನೂ ನಂಬಲಿಲ್ಲ. "ರೀ, ಹೇಳಿ ಅವರಿಗೆ. ಇದೆ ಅಂದಿದ್ದೂ ಅದೇ ಬಾಯಿ, ಇಲ್ಲ ಅಂತಿರೋದೂ ಅದೇ ಬಾಯಿ. ನಾನು ನನ್ನ ಕಣ್ಣಾರೆ ನೋಡೋ ತನಕ ಯಾವ ಬಾಯನ್ನೂ ನಂಬಲ್ಲ."

"ನೋಡ್ಬೇಕಂತೆ" ಎಂದರು ಭಾವ.

ಹಾಗಾಗಿ ಮೇಡಂ ತಾವೇ ಬಂದರು, ಕೈಗೆ ಗ್ಲೌಸು ಹಾಕಿ, ಸ್ಟೀಲಿನ ಸೌಟು ಹಿಡಿದು. ಸಾಹೇಬರಿಗೆ ಹಿತ್ತಲಿನ ಬಾಗಿಲು ದಾಟಲೂ ಬಿಡಲಿಲ್ಲ. ಸ್ಯಾಂಪಲ್ ಹೋಯಿತು. ಮರುದಿನ ಬೆಳಿಗ್ಗೆ ಅಕ್ಕ, ಭಾವ, ಸಾಹೇಬರ ಹೆಂಡತಿ, ಮೇಷ್ಟ್ರು, ಟೈಲರು, ಡಾಕ್ಟರು ಎಲ್ಲರೂ ಪರೀಕ್ಷಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೊಟ್ಟ ಬಿಳಿ ಕೋಟು ತೊಟ್ಟು ಒಳಗೆ ಬಂದರು. ಕೋಟು ಹಾಕಿದ ಕೂಡಲೇ ಟೈಲರಿಗೆ ತೋಳಿನ ಹೊಲಿಗೆ ಸರಿಯಿಲ್ಲ ಎನಿಸಿತು, ಹೇಳಿಯೂ ಬಿಟ್ಟ.

ಮೊದಲು ಮೇಡಂ ತಮ್ಮ ಹೊಸ ಯಂತ್ರದ ಮುಂದೆ ನಿಲ್ಲಿಸಿದರು. ಫೀಡಿನ ರಸದಲ್ಲಿ ಅವರು ಹುಡುಕುವ ಔಷಧಿ ಇದ್ದರೆ ಪರದೆಯ ಮೇಲೆ ಒಂದು ಗುಡ್ಡ ಮೂಡುತ್ತದಂತೆ. ಅಕ್ಕನ ಫೀಡಿಗೆ ಆ ಜಾಗದಲ್ಲಿ ಗೆರೆ ಮಟ್ಟಸವಾಗಿ ಮಲಗಿತ್ತು.

"ಅಯ್ಯೋ, ಗೆರೆ ಮಲಗಿಬಿಟ್ರೆ ಆಸ್ಪತ್ರೇಲಿ ಮನೆಯೋರನ್ನ ಕರೀರಿ ಅಂತಾರೆ" ಎಂದ ಟೈಲರು.

"ಇಲ್ಲಿ ಮಲಗಿದ್ರೇ ಒಳ್ಳೇದು. ಸುಮ್ನಿರಯ್ಯ" ಎಂದರು ಡಾಕ್ಟರು. ಅಷ್ಟು ಖುಷಿಯಾಗಿ ಅವರನ್ನು ಯಾರೂ ನೋಡಿರಲಿಲ್ಲ.

ಆಮೇಲೆ ಬೆಚ್ಚಗಿನ ಪೆಟ್ಟಿಗೆ ತೆರೆದು ಮೇಡಂ ತಟ್ಟೆಯನ್ನು ಅಕ್ಕನ ಕಣ್ಣೆದುರು ಹಿಡಿದರು. ಗೊತ್ತಿರುವ ಔಷಧಿ ತುಂಬಿದ್ದ ಕೊಳವೆಗಳ ಸುತ್ತ ಒಂದಕ್ಕಿಂತ ಒಂದು ದೊಡ್ಡದಾದ ಉಂಗುರಗಳು, ತೊಳೆದಿಟ್ಟ ಹಾಗೆ ಫಳಫಳ. ಅಕ್ಕನ ಹೆಸರು ಬರೆದ ಕೊಳವೆಯ ಸುತ್ತ ಉಂಗುರವೂ ಇಲ್ಲ, ಏನೂ ಇಲ್ಲ. ಒತ್ತಾಗಿ, ಮಬ್ಬಾಗಿ, ಬ್ಯಾಕ್ಟೀರಿಯಾಗಳ ಹಿಂಡು ಕೊಳವೆಯ ಬುಡದವರೆಗೂ ಹಬ್ಬಿತ್ತು.

ಅಕ್ಕ ನೋಡಿದಳು. ಬಗ್ಗಿ ನೋಡಿದಳು. ಮುಖ ಕೆಂಪಾಯಿತು.

"ಏನೋ ಇದು!" ಎಂದು ತಮ್ಮನ ಕಡೆ ತಿರುಗಿ ಗುಡುಗಿದಳು. ಮೇಜಿನ ಮೇಲಿನ ಗಾಜಿನ ಸಾಮಾನು ಗಿಲಕ್ಕೆಂದಿತು. "ಕಂಡೋರ ಔಷಧಿ ಸುತ್ತ ಎಲ್ಲ ಇಷ್ಟು ನೀಟಾಗಿದೆ, ನನ್ನ ಫೀಡಿನ ಸುತ್ತ ಮಾತ್ರ ಇಷ್ಟು ಗಲೀಜಾ? ಮೊದಲು ಔಷಧಿ ಇದೆ ಅಂದೆ. ಈಗ ಕ್ರಿಮಿ ತುಂಬಿದೆ ಅಂತೀಯ! ನಾನು ಜೋಳ ಆರಿಸಿ, ತೌಡು ಜರಡಿ ಹಿಡಿದು, ಬಿಸಿಲಿಗೆ ಹಾಕಿ ಕಲಸೋದು ಇದಕ್ಕಾ? ಇದನ್ನ ನೋಡೋಕೆ ನನ್ನನ್ನ ಇಲ್ಲೀವರೆಗೂ ಕರ್ಕೊಂಡು ಬಂದ್ಯಾ? ನಿನಗೆ ಎರಡು ಬಿಟ್ಟು ಬುದ್ಧಿ ಹೇಳೋರು ಇಲ್ದಿದ್ದಕ್ಕೆ ಹೀಗಾಗಿದೀಯ!"

ಎಲ್ಲರೂ ಬೆಚ್ಚಿಬಿದ್ದರು. ಸಾಹೇಬರ ಮುಖ ಮಾತ್ರ ಅರಳಿತು. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಅಕ್ಕಾ, ಇನ್ನೊಂದು ಸಲ ಬೈಯಿ."

"ಹುಚ್ಚು ಹಿಡೀತೇನೋ ನಿನಗೆ?"

"ಇಲ್ಲ ಕಣಕ್ಕಾ. ಇಲ್ಲಿ ನೋಡು. ಔಷಧಿ ಇರೋ ಕಡೆ ಇವು ಬದುಕಲ್ಲ. ಅದಕ್ಕೇ ಅಲ್ಲೆಲ್ಲ ಖಾಲಿ. ನಿನ್ನ ಫೀಡಿನ ಹತ್ರ ಒಂದೂ ಸತ್ತಿಲ್ಲ. ಒಂದಕ್ಕೂ ತಲೆನೋವು ಕೂಡ ಬಂದಿಲ್ಲ. ಬುಡದವರೆಗೂ ಬಂದು ಕೂತಿವೆ ನೋಡು, ಯಾವ ಹೆದರಿಕೇನೂ ಇಲ್ಲದೆ. ಇವು ಫೀಡಿಂದ ಬಂದಿದ್ದಲ್ಲ, ನಾವೇ ಬಿತ್ತಿದ್ದು. ಇದಕ್ಕಿಂತ ಒಳ್ಳೆ ರಿಸಲ್ಟು ಇಲ್ವೇ ಇಲ್ಲ."

ಅಕ್ಕ ಮೇಡಂ ಕಡೆ ನೋಡಿದಳು. ಮೇಡಂ ತಲೆಯಾಡಿಸಿ, "ಹೌದಮ್ಮ, ಈ ಸಲ ಸರಿಯಾಗೇ ಹೇಳ್ತಿದಾರೆ. ನಿಮ್ಮ ಫೀಡಲ್ಲಿ ಔಷಧಿ ಇಲ್ಲ" ಎಂದರು. ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು, ಇದನ್ನೇ ತಾವು ಮೊದಲಿನಿಂದ ಹೇಳುತ್ತ ಬಂದದ್ದು ಎಂದರು. ಟೈಲರು ಮೆಲ್ಲಗೆ ಗಂಟಲು ಮುಟ್ಟಿ ನೋಡಿಕೊಂಡ. ಅದು ಆ ಕ್ಷಣವೇ ಮತ್ತೆ ಕೆರೆಯತೊಡಗಿತ್ತು.

ಅಕ್ಕ ತಟ್ಟೆಯ ಮೇಲೆ ಇನ್ನೊಮ್ಮೆ ಬಗ್ಗಿದಳು. ಈ ಸಲ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಹಾಗಾದ್ರೆ ಇವೆಲ್ಲ ನನ್ನ ಫೀಡು ತಿಂದು ಚೆನ್ನಾಗಿವೆ ಅನ್ನು."

ನಿಜ ಹೇಳಬೇಕೆಂದರೆ ಅವು ತಿಂದದ್ದು ಅಗರಿನಲ್ಲಿದ್ದ ಪೋಷಣೆಯನ್ನು, ಫೀಡನ್ನಲ್ಲ. ಸಾಹೇಬರು ಅದನ್ನು ವಿವರಿಸಲು ಬಾಯಿ ತೆರೆದರು. ಹೆಂಡತಿ ಹಿಂದಿನಿಂದ ಅವರ ಕೋಟು ಜಗ್ಗಿದಳು. ಸರ್ವೀಸಿನಲ್ಲಿ ಮೊದಲ ಬಾರಿಗೆ ಸಾಹೇಬರು ವಿವರಿಸದೆ ಬಾಯಿ ಮುಚ್ಚಿಕೊಂಡರು. ಆಮೇಲೆ, "ತುಂಬಾ ಚೆನ್ನಾಗಿವೆ ಅಕ್ಕಾ. ಸಂಸಾರ ಬೆಳೆಸಿಕೊಂಡು ಸುಖವಾಗಿವೆ" ಎಂದರು.

"ಮತ್ತೆ? ನನ್ನ ಕೈಯಲ್ಲಿ ತಿಂದು ಯಾವುದು ತಾನೆ ಸೊರಗಿದೆ? ನಿನ್ನನ್ನೇ ನೋಡು, ಈ ಕೋಟಿಗೆ ಗುಂಡಿ ಕೂಡ ಹತ್ತುತ್ತಿಲ್ಲ" ಎಂದಳು ಅಕ್ಕ. ಆಮೇಲೆ ಮೇಡಂ ಕಡೆ ತಿರುಗಿ, ದನಿ ತಗ್ಗಿಸಿ, "ಮೇಡಂ, ಇವಕ್ಕೆ ಇನ್ನೊಂಚೂರು ಬೇಕಾದ್ರೆ ಹೇಳಿ ಕಳಿಸಿ, ಸಂಕೋಚ ಬೇಡ. ಮನೇಲಿ ಚೀಲಗಟ್ಟಲೆ ಇದೆ" ಎಂದಳು.

ಎಲ್ಲರೂ ಹೊರಗೆ ಬಂದರು. ಡಾಕ್ಟರು ಕ್ಲಿನಿಕ್ ತೆರೆಯಲು ಅವಸರದಲ್ಲಿ ಮುಂದೆ ಹೋದರು, ಟೈಲರು ಅವರ ಹಿಂದೆಯೇ ಹೋದ. ಅಕ್ಕ ದಾರಿಯುದ್ದಕ್ಕೂ ತಮ್ಮನ ತೋಳು ಹಿಡಿದುಕೊಂಡು ಅಷ್ಟೂ ದಿನ ಕೂಡಿಟ್ಟ ಬೈಗುಳವನ್ನೆಲ್ಲ ಒಂದೂ ಬಿಡದೆ ಒಪ್ಪಿಸುತ್ತಿದ್ದಳು. ಮೇಲಿನ ಮನೆಯಲ್ಲಿ ಊಟ ಮಾಡಬಾರದು, ಕೆಳಗೇ ಬರಬೇಕು. ಬುಟ್ಟಿಗಟ್ಟಲೆ ಕೂತಿರುವ ಮೊಟ್ಟೆಯನ್ನು ಖಾಲಿ ಮಾಡುವ ಶಿಕ್ಷೆ ಅವನದೇ. ಸಾಹೇಬರು ಪ್ರತಿಯೊಂದಕ್ಕೂ "ಹೂಂ ಅಕ್ಕಾ, ಹೂಂ ಅಕ್ಕಾ" ಎನ್ನುತ್ತಿದ್ದರು.

ಭಾವನಿಗೆ ಪಾಪ, ಅಭ್ಯಾಸವಾಗಿಬಿಟ್ಟಿತ್ತು. ಇಬ್ಬರ ನಡುವೆ ತಲೆ ತೂರಿಸಿ, "ಕೆಳಗೇ ಊಟಕ್ಕೆ ಬರ್ಬೇಕಂತಪ್ಪ" ಎಂದರು.

ಅಕ್ಕ ನಿಂತು ಗಂಡನನ್ನು ಕೆಕ್ಕರಿಸಿ ನೋಡಿದಳು. "ಸುಮ್ನಿರ್ತೀರಾ ಸ್ವಲ್ಪ? ಅಕ್ಕ ತಮ್ಮ ಮಾತಾಡ್ತಿರೋವಾಗ ನಿಮಗೇನು ಮಧ್ಯದಲ್ಲಿ ಕೆಲಸ?"